ಹಿಟ್ಲರನ ‘ದಿನಚರಿ’ಗಳು: ಖಾಸಗಿ ಸಾಕ್ಷ್ಯದ ಪರಾಮರ್ಶೆ

1983ರ ಏಪ್ರಿಲ್ 25ರಂದು ಪಶ್ಚಿಮ ಜರ್ಮನಿಯ ‘ಸ್ಟರ್ನ್’ ವಾರಪತ್ರಿಕೆಯು ಹಿಟ್ಲರನ ಸ್ವಹಸ್ತದ ದಿನಚರಿಗಳು ತನಗೆ ದೊರೆತಿವೆಯೆಂದು ಹ್ಯಾಂಬರ್ಗಿನಲ್ಲಿ ಘೋಷಿಸಿತು. ಸುಮಾರು 60 ಸಂಪುಟಗಳು. ತೆತ್ತ ಬೆಲೆ 90 ಲಕ್ಷ ಮಾರ್ಕುಗಳಿಗೂ ಅಧಿಕ. ಎರಡು ವಾರ ಕಳೆಯುವುದರೊಳಗೆ, ಮೇ 6ರಂದು, ಜರ್ಮನಿಯ ರಾಷ್ಟ್ರೀಯ ದಫ್ತರಖಾನೆಯು ಇವೆಲ್ಲವೂ ಕೂಟಲೇಖಗಳೆಂದು ಸಾರಿತು. ಕಾಗದದಲ್ಲಿ ಯುದ್ಧಾನಂತರವಷ್ಟೇ ಬಳಕೆಗೆ ಬಂದ ಬಿಳುಪುಕಾರಕ ದ್ರವ್ಯವಿದ್ದಿತು. ಬರೆದವನು ಕೊನ್ರಾಡ್ ಕುಯೌ; ಪತ್ರಿಕೆಗೆ ತಂದುಕೊಟ್ಟವನು ಅದರ ವರದಿಗಾರ ಹೈಡೆಮಾನ್. 1985ರಲ್ಲಿ ಇಬ್ಬರಿಗೂ ಸೆರೆವಾಸವಾಯಿತು. ಇಷ್ಟು ಸರ್ವವಿದಿತ. ನುರಿತ ವಿದ್ವಾಂಸರೂ ಇದನ್ನು ನಂಬಿದುದೇಕೆಂಬುದೇ ವಿಚಾರಣೀಯವಾದ ಅಂಶ.

ಕಥೆಗೊಂದು ನಿಜವಾದ ಆಧಾರವಿದ್ದಿತೆಂಬುದನ್ನು ಮರೆಯಲಾಗದು. 1945ರ ಏಪ್ರಿಲ್ 21ರಂದು ಬರ್ಲಿನ್ನಿನಿಂದ ಹಿಟ್ಲರನ ಸ್ವಂತ ಸಾಮಾನುಗಳನ್ನು ಹೊತ್ತು ಹೊರಟ ವಿಮಾನವೊಂದು ಡ್ರೆಸ್ಡೆನ್ ಬಳಿಯ ಬೋರ್ನರ್ಸ್‌ಡಾರ್ಫ್ ಗ್ರಾಮದಲ್ಲಿ ಬಿದ್ದು ಸುಟ್ಟುಹೋಯಿತು. ಕಳೆದುಹೋದ ಪೆಟ್ಟಿಗೆಗಳಲ್ಲಿ ಏನನ್ನು ಬೇಕಾದರೂ ಇಡಬಹುದಷ್ಟೆ!

‘ಹಿಟ್ಲರನ ಅಂತಿಮ ದಿನಗಳು’ ಎಂಬ ಗ್ರಂಥದಿಂದ 1947ರಲ್ಲಿಯೇ ಪ್ರಸಿದ್ಧರಾಗಿದ್ದ ಟ್ರೆವರ್-ರೋಪರರು ಜ್ಯೂರಿಚ್ಚಿನ ಬ್ಯಾಂಕೊಂದರಲ್ಲಿ ಸಂಪುಟಗಳನ್ನು ಕಂಡು, ಅವು ನೈಜವೆಂದು ‘ಟೈಮ್ಸ್’ ಪತ್ರಿಕೆಯಲ್ಲಿ ಬರೆದರು. ಅವರ ಮನಸ್ಸನ್ನು ಸೆಳೆದುದು ಸಂಗ್ರಹದ ಗಾತ್ರ: ದಿನಚರಿಗಳೊಡನೆ ಪತ್ರಗಳು, ಚಿತ್ರಗಳು, ಸ್ಮರಣವಸ್ತುಗಳು. ಒಂದು ವಸ್ತು ಮತ್ತೊಂದಕ್ಕೆ ಸಾಕ್ಷಿಯಾಯಿತು. ಆದರೆ ಆ ಸಾಕ್ಷಿಗಳೂ ಅದೇ ಕಮ್ಮಟದವು. ಅಕ್ಷರಪರೀಕ್ಷಕರಿಗೆ ಮಾದರಿಯೆಂದು ಒದಗಿಸಿದ ಬರೆಹಗಳಲ್ಲಿ ಕೆಲವು ಕುಯೌವಿನವೇ ಆಗಿದ್ದುವು. ನಮ್ಮ ತಾಮ್ರಶಾಸನಗಳ ವಿಷಯದಲ್ಲಿ ಫ್ಲೀಟರು ತೋರಿದ ಸಂಶಯ ಹಲವೊಮ್ಮೆ ಅತಿಯೆನಿಸಿದರೂ, ಇಲ್ಲಿ ಅದರ ಕಾಲುಭಾಗವಿದ್ದಿದ್ದರೆ ಸಾಕಾಗುತ್ತಿತ್ತು. ಟ್ರೆವರ್-ರೋಪರರು ಘೋಷಣೆಯ ದಿನವೇ ತಮ್ಮ ಸಂದೇಹವನ್ನು ಬಹಿರಂಗವಾಗಿ ನುಡಿದರೆಂಬುದು ಅವರ ಹಿರಿಮೆ.

ಇನ್ನು ಅಂತಃಸಾಕ್ಷ್ಯ. ರಾಜಕೀಯ ಭಾಗವನ್ನು ಬಹುಮಟ್ಟಿಗೆ ಡೊಮಾರಸ್ ಸಂಪಾದಿಸಿದ ಹಿಟ್ಲರನ ಭಾಷಣಸಂಗ್ರಹದಿಂದ ಎತ್ತಿಕೊಳ್ಳಲಾಗಿತ್ತು. ಆ ಗ್ರಂಥದ ತಪ್ಪುಗಳು ಸಹ ಇಲ್ಲಿ ಮರುಕಳಿಸಿದ್ದುವು. ಉಳಿದುದು ಹೊಟ್ಟೆಯ ತೊಂದರೆ, ಈವಾ ಬ್ರೌನಳ ದೂರು, ಆಕೆಗೆ ಒಲಿಂಪಿಕ್ ಕ್ರೀಡೆಯ ಟಿಕೆಟ್ಟು. ಇಂತಹ ಕ್ಷುಲ್ಲಕ ಸಂಗತಿಗಳನ್ನು ಯಾರು ತಾನೇ ಕಲ್ಪಿಸಿ ಬರೆದಾರು ಎಂದು ಓದುಗನು ಎಣಿಸುತ್ತಾನೆ. ವಾಸ್ತವದಲ್ಲಿ ಕಲ್ಪಿಸಲು ಅತ್ಯಂತ ಸುಲಭವಾದುದು ಅದೇ: ಭಾಷಣವನ್ನು ವೃತ್ತಪತ್ರಿಕೆಯೊಡನೆ ಹೋಲಿಸಿ ನೋಡಬಹುದು, ಹೊಟ್ಟೆನೋವನ್ನು ಹೋಲಿಸುವುದು ಯಾವುದರೊಡನೆ?

ಈ ಕ್ಷುಲ್ಲಕತೆ ನಿರಪಾಯವೂ ಅಲ್ಲ. 2023ರಲ್ಲಿ ಜರ್ಮನಿಯ ಎನ್‌ಡಿಆರ್ ಪ್ರಸಾರಸಂಸ್ಥೆಯು ಸಮಗ್ರ ಪಾಠವನ್ನು ಪ್ರಕಟಿಸಿದ ಬಳಿಕ ಇದು ಸ್ಪಷ್ಟವಾಯಿತು. ಈವಾಳ ಬಗ್ಗೆ ಚಿಂತಿಸುವ ಈ ಹಿಟ್ಲರನಿಗೆ ಯೆಹೂದ್ಯರ ಸಾಮೂಹಿಕ ಸಂಹಾರದ ಅರಿವೇ ಇಲ್ಲ; ಅವರಿಗೆ ಎಲ್ಲಿಯಾದರೂ ನೆಲೆ ಕಲ್ಪಿಸಬೇಕೆಂಬುದಷ್ಟೇ ಅವನ ಯೋಚನೆ! ನಲವತ್ತು ವರ್ಷ ನಾವು ಇದನ್ನು ಹಾಸ್ಯಪ್ರಸಂಗವೆಂದು ಹೇಳಿಕೊಂಡು ಬಂದೆವು. ಕಾಗದ, ದಾರ, ಅಂಟು ಎಲ್ಲವನ್ನೂ ಪರೀಕ್ಷಿಸಿದ್ದಾಯಿತು. ಅರವತ್ತು ಲಕ್ಷ ಜನರ ಕೊಲೆಯನ್ನು ಹೊತ್ತವನನ್ನು ಆ ಪುಟಗಳು ಯಾರ ಸಲುವಾಗಿ ನಿರ್ದೋಷಿಯಾಗಿಸುತ್ತಿದ್ದುವೆಂದು ಕೇಳಿದವರು ವಿರಳ.