ಬೀದಿಯ ಕಣ್ಣು

ಆಡಕಿ ಬಿಟ್ಟು ಸೇಡಂನಲ್ಲಿ ಮನೆ ಕೊಳ್ಳುವ ಮಾತು ನಡೆದಾಗ ನಾನು ಓದುತ್ತಿದ್ದದ್ದು ಜೇನ್ ಜೇಕಬ್ಸ್ 1961ರಲ್ಲಿ ಅಮೆರಿಕದ ಮಹಾನಗರಗಳ ಬಗ್ಗೆ ಬರೆದ ಪುಸ್ತಕ. ನ್ಯೂಯಾರ್ಕಿನ ಹಡ್ಸನ್ ಬೀದಿಯಲ್ಲಿದ್ದ ಆಕೆ ತಜ್ಞರ ನಕ್ಷೆ ಪಕ್ಕಕ್ಕಿಟ್ಟು ತನ್ನ ಮನೆಯ ಮುಂದಿನ ಕಾಲುದಾರಿಯನ್ನೇ ನೋಡಿದಳು. ಅಂಗಡಿ, ಮನೆ, ಕೆಲಸ ಒಂದೇ ಕಡೆ ಬೆರೆತಿದ್ದರೆ ಜನ ನಡೆಯುತ್ತಾರೆ. ನಡೆಯುವವರ ಮೇಲೆ ಬೀದಿಯ ಕಣ್ಣಿರುತ್ತದೆ, ಅದೇ ಕಾವಲು ಎಂಬುದು ಆಕೆಯ ವಾದ.

ಓದಿ ನಗು ಬಂತು. ನಮ್ಮತ್ತೆ ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಾ ದಿನವೂ ಮಾಡುತ್ತಿದ್ದದ್ದು ಇದನ್ನೇ ಅಲ್ಲವೇ! ಆದರೆ ಆ ಕಣ್ಣು ಕಾಯುವುದಷ್ಟೇ ಅಲ್ಲ, ಲೆಕ್ಕವನ್ನೂ ಇಡುತ್ತದೆ: ಸೊಸೆ ಯಾವಾಗ ಹೋದಳು, ಯಾರೊಡನೆ ನಿಂತಳು. ಒಳ್ಳೆಯ ಬೀದಿಯಲ್ಲಿ ಖಾಸಗಿತನವೂ ಉಳಿಯುತ್ತದೆ ಎನ್ನುತ್ತಾಳೆ ಜೇಕಬ್ಸ್. ಅದು ಅಪರಿಚಿತರ ಊರಿನ ಮಾತು. ತನ್ನ ಮಾತನ್ನು ಸಣ್ಣ ಊರುಗಳಿಗೆ ಹಚ್ಚಬೇಡಿ ಎಂದು ಪೀಠಿಕೆಯಲ್ಲಿ ಆಕೆಯೇ ಎಚ್ಚರಿಸಿದ್ದಾಳೆ, ಪ್ರಾಮಾಣಿಕಳು.

ಆದರೂ ಹಚ್ಚಿ ನೋಡಿದೆ. ಊರ ಹೊರಗಿನ ಹೊಸ ಲೇಔಟಿನಲ್ಲಿ ಅಗಲ ರಸ್ತೆ, ಕಡಿಮೆ ಬೆಲೆ, ಯಾರ ಕಣ್ಣೂ ಇಲ್ಲ. ಆದರೆ ಹಾಲಿಗೂ ಗಂಡ ಮೋಟಾರ್ ಸೈಕಲ್ ತೆಗೆಯಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ನಾಡಿನಲ್ಲಿ ಆ ಅಗಲ ರಸ್ತೆಯಲ್ಲಿ ನೆರಳೆಲ್ಲಿ? ಹಳೆಯ ಓಣಿಯಲ್ಲಿ ಗೋಡೆಯ ನೆರಳಿದೆ, ಬೇವಿದೆ, ಸಂತೆ ಹತ್ತಿರ. ಹೆಚ್ಚಿಗೆ ಕೊಟ್ಟು ಓಣಿಯ ಮನೆಯನ್ನೇ ಹಿಡಿದೆವು.

ಈಗ ಹೊಸ್ತಿಲು ದಾಟಿದ ಕೂಡಲೇ ಎದುರುಮನೆಯಾಕೆ ಕೇಳುತ್ತಾಳೆ, "ಎಲ್ಲಿಗಿ ಹೊಂಟೀರಿ ಅಕ್ಕಾರ?" "ಸಂತಿಗಿ" ಎನ್ನುತ್ತೇನೆ, ಗ್ರಂಥಾಲಯಕ್ಕೆ ಹೋಗುವಾಗಲೂ.