ಹೊಣೆಯಾಗುವುದು: ಜ್ಞಾನೋಕ್ತಿಗಳ ಒಂದು ಓದು

ಹಳೆಯ ಒಡಂಬಡಿಕೆಯ ‘ಜ್ಞಾನೋಕ್ತಿಗಳು’ ನಿತ್ಯವ್ಯವಹಾರಕ್ಕೆ ಕೈದೀವಿಗೆಯೆಂಬ ಮನ್ನಣೆ ಪಡೆದಿದೆ. ಆದರೆ ಅಲ್ಲಿಯ ಮಾತುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಶಾಸನದಂತೆ ಅನ್ವಯಿಸುವ ಕ್ರಮವನ್ನು ನಾವು ಒಪ್ಪಲಾರೆವು. ಜಾಮೀನಿನ ವಿಷಯವೊಂದನ್ನೇ ಪರಿಶೀಲಿಸಿದರೂ ಇದರ ಕಾರಣ ತಿಳಿಯುತ್ತದೆ.

ಮುಂಬಯಿಯ ಕಾಂದಿವಲಿಯಲ್ಲಿ ನೆಲೆಸಿರುವ, ಕರಾವಳಿ ಮೂಲದ, ಕನ್ನಡ ಓದುವ ಕ್ರೈಸ್ತ ಸಂಸಾರವೊಂದನ್ನು ಊಹಿಸಿಕೊಳ್ಳೋಣ. ಊರಿನಿಂದ ಬಂದ ಸೋದರಳಿಯ ಸಹಕಾರಿ ಸಂಘದ ಸಾಲಕ್ಕೆ ಜಾಮೀನು ಬೇಡುತ್ತಾನೆ. ಜ್ಞಾನೋಕ್ತಿಗಳ 6, 11, 17 ಮತ್ತು 22ನೆಯ ಅಧ್ಯಾಯಗಳನ್ನು ತೆರೆದರೆ ಉತ್ತರ ನಿಚ್ಚಳವಾಗಿದೆ: ಒಪ್ಪಬೇಡ, ಒಪ್ಪಿದ್ದರೆ ನಿದ್ರೆಗೆಟ್ಟಾದರೂ ಬಿಡಿಸಿಕೊ, ಇಲ್ಲವಾದರೆ ನಿನ್ನ ಹಾಸಿಗೆಯೂ ಉಳಿಯದು. ಇದನ್ನು ಪ್ರಾಚೀನರ ಭೀತಿಯೆಂದು ತಳ್ಳಿಹಾಕುವಂತಿಲ್ಲ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಪ್ರಕರಣವೂ ಹೇಳುತ್ತದೆ.

ಆದರೆ ಆ ಸಂಸಾರ ಕಥೋಲಿಕರದಾಗಿದ್ದರೆ ಅವರ ಬೈಬಲಿನಲ್ಲಿ ಸಿರಾಖನ ಗ್ರಂಥವೂ ಇರುತ್ತದೆ. ಕ್ರಿ.ಪೂ. 2ನೆಯ ಶತಮಾನದ ಆರಂಭದ ಈ ಜೆರುಸಲೇಮಿನ ಪಂಡಿತನು 29ನೆಯ ಅಧ್ಯಾಯದಲ್ಲಿ, ಸಜ್ಜನನು ನೆರೆಯವನಿಗೆ ಜಾಮೀನು ನಿಲ್ಲುತ್ತಾನೆ ಎನ್ನುತ್ತಾನೆ. ಜಾಮೀನಿನಿಂದ ಕೆಟ್ಟವರನ್ನೂ ನೆನೆದು, ಶಕ್ತಿಯಿದ್ದಷ್ಟು ನೆರವಾಗು, ನೀನು ಮಾತ್ರ ಬೀಳಬೇಡ ಎಂದು ಎಚ್ಚರಿಸುತ್ತಾನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ಪ್ರೊಟೆಸ್ಟಂಟರಿಗೆ ಈ ಗ್ರಂಥ ಪ್ರಮಾಣವಲ್ಲ. ಹೀಗೆ ಒಂದೇ ಓಣಿಯ ಎರಡು ಮನೆಗಳಲ್ಲಿ ‘ಬೈಬಲಿನ ಉತ್ತರ’ ಎರಡಾಗುತ್ತದೆ!

ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಸ್ವಾರಸ್ಯಕರವಾದುದು ಅನುವಾದದ ಪದ. ಕನ್ನಡ ಬೈಬಲ್ ಇಲ್ಲಿ ಬಳಸುವುದು ‘ಹೊಣೆ’ ಎಂಬ ಪದವನ್ನು. ಹಳಗನ್ನಡದಲ್ಲಿ ಇದು ‘ಪೊಣೆ’. ಜಾಮೀನು ಎಂಬುದು ಇದರ ಹಳೆಯ ಅರ್ಥ. ಇದಕ್ಕೆ ಸಂವಾದಿಯಾದ ತಮಿಳಿನ ‘ಪುಣೈ’ಗೆ ತೆಪ್ಪವೆಂಬ ಅರ್ಥವೂ ಉಂಟು. ಕನ್ನಡದಲ್ಲಿ ಕಾಲಕ್ರಮೇಣ ಕರ್ತವ್ಯವೆಂಬ ಅರ್ಥ ಬಲಿತು, ಕರ್ತವ್ಯಗೇಡಿಯನ್ನು ‘ಹೊಣೆಗೇಡಿ’ ಎನ್ನುವುದು ರೂಢಿಯಾಯಿತು. ಆದುದರಿಂದ ‘ಹೊಣೆಯಾಗಬೇಡ’ ಎಂಬ ಉಪದೇಶ ಇಂದಿನ ಕನ್ನಡಿಗನ ಕಿವಿಯಲ್ಲಿ ತುಸು ಕಟುವಾಗಿಯೇ ಕೇಳಿಸುತ್ತದೆ. ಮೂಲ ಹೀಬ್ರೂವಿನಲ್ಲಿ ಇಲ್ಲದ ಧರ್ಮಸಂಕಟವೊಂದನ್ನು ನಮ್ಮ ಭಾಷೆ ಓದುಗನ ಮುಂದಿಡುತ್ತದೆ. ಅನುವಾದದ ಚರಿತ್ರೆಯನ್ನು ಬರೆಯುವವರು ಮುದ್ರಣದ ಇಸವಿಗಳಾಚೆಗೆ ಇಂಥ ಪದಗಳತ್ತಲೂ ಗಮನ ಹರಿಸಬೇಕಾಗಿದೆ.

ಸಂಕಲನಕಾರರಿಗೆ ಈ ಸೂಕ್ಷ್ಮ ತಿಳಿದಿತ್ತೆಂದೇ ತೋರುತ್ತದೆ. 26ನೆಯ ಅಧ್ಯಾಯದ 4ನೆಯ ವಚನ ಮೂರ್ಖನಿಗೆ ಅವನ ಮೂರ್ಖತನಕ್ಕೆ ತಕ್ಕ ಉತ್ತರ ಕೊಡಬೇಡ ಎನ್ನುತ್ತದೆ. 5ನೆಯದು ಕೊಡು ಎನ್ನುತ್ತದೆ. ಎರಡನ್ನೂ ಒತ್ತಟ್ಟಿಗಿಟ್ಟವರು ಯಾವಾಗ ಯಾವುದು ಎಂಬ ತೀರ್ಮಾನವನ್ನು ಕೇಳುವವನಿಗೇ ಬಿಟ್ಟಿದ್ದಾರೆ. ಜಾಮೀನಿನ ವಿಷಯದಲ್ಲಿಯೂ ಜ್ಞಾನೋಕ್ತಿಗಳದೇ ಕೊನೆಯ ಮಾತಲ್ಲ. ಆದಿಕಾಂಡದ 43ನೆಯ ಅಧ್ಯಾಯದಲ್ಲಿ ಯೆಹೂದನು ತಮ್ಮನಾದ ಬೆನ್ಯಾಮೀನನಿಗಾಗಿ ತಂದೆಯ ಮುಂದೆ ಹೊಣೆ ನಿಲ್ಲುತ್ತಾನೆ. ಜ್ಞಾನೋಕ್ತಿಗಳು ನಿಷೇಧಿಸುವ ಕ್ರಿಯೆಗೂ ಯೆಹೂದನ ಮಾತಿಗೂ ಹೀಬ್ರೂವಿನಲ್ಲಿ ಧಾತು ಒಂದೇ.