ಅಂಕಿ ನೋಡಬೇಡಿ, ಯಂತ್ರ ನೋಡಿ

ಸಿ.ಡಿ. ಪ್ಲೇಯರ್ ಕೊಳ್ಳಲು ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಡಬ್ಬದ ಮೇಲಿನ ಅಂಕಿಗಳು. 32 ಬಿಟ್, 384 ಕಿಲೋಹರ್ಟ್ಸ್ ಎಂದೆಲ್ಲ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆದರೆ ಸಿ.ಡಿ.ಯೊಳಗೆ ಇರುವುದು 16 ಬಿಟ್, 44.1 ಕಿಲೋಹರ್ಟ್ಸ್ ಅಷ್ಟೇ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಸೇರಿ 1980ರಲ್ಲಿ ಗೊತ್ತುಮಾಡಿದ ಈ ಅಳತೆ ಇವತ್ತಿಗೂ ಬದಲಾಗಿಲ್ಲ. 1982ರ ಅಕ್ಟೋಬರಿನಲ್ಲಿ ಜಪಾನಿನ ಅಂಗಡಿಗಳಿಗೆ ಬಂದ ಸೋನಿ ಸಿಡಿಪಿ-101 ಓದಿದ್ದೂ ಅದನ್ನೇ, ಇಂದಿನ ಹೊಸ ಪ್ಲೇಯರ್ ಓದುವುದೂ ಅದನ್ನೇ.

ಅಂಕಿಗಳನ್ನು ಧ್ವನಿಯಾಗಿಸುವ ಚಿಪ್ಪಿಗೆ ಡ್ಯಾಕ್ ಎನ್ನುತ್ತಾರೆ. ಈಗ ಮಧ್ಯಮ ಬೆಲೆಯ ಯಂತ್ರಗಳಲ್ಲೂ ಒಳ್ಳೆಯ ಡ್ಯಾಕ್ ಇರುತ್ತದೆ. ಅದು ಸಾಲದು ಅನ್ನಿಸಿದ ದಿನ ಹೊರಗಿನಿಂದ ಬೇರೊಂದನ್ನು ತಂದು ಜೋಡಿಸಿಕೊಳ್ಳಬಹುದು. ಆದರೆ ಡಿಸ್ಕ್ ತಿರುಗಿಸಿ ಓದುವ ಯಂತ್ರಭಾಗವನ್ನು, ಅಂದರೆ ಟ್ರಾನ್ಸ್‌ಪೋರ್ಟನ್ನು, ಹಾಗೆ ಹೊರಗಿನಿಂದ ಸೇರಿಸಲು ಬರುವುದಿಲ್ಲ. ಸಿ.ಡಿ. ಪ್ಲೇಯರಿನಲ್ಲಿ ನಾವು ನಿಜವಾಗಿ ದುಡ್ಡು ಕೊಡುವುದು ಆ ಭಾಗಕ್ಕೆ.

ಅದು ಮಾಡುವ ಕೆಲಸ ಸಣ್ಣದಲ್ಲ. 12 ಸೆಂಟಿಮೀಟರ್ ಅಗಲದ ತಟ್ಟೆಯಲ್ಲಿ ಸುರುಳಿಯಾಗಿ ಸುತ್ತಿದ ಜಾಡನ್ನು ಬಿಚ್ಚಿ ಹಾಸಿದರೆ 5 ಕಿಲೋಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವೆ ಇರುವುದು 1.6 ಮೈಕ್ರೋಮೀಟರ್ ಅಂತರ. ಓದು ಒಳಗಿನಿಂದ ಹೊರಕ್ಕೆ ಸಾಗುತ್ತದೆ. ಶುರುವಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು ತಿರುಗುವ ಡಿಸ್ಕ್ ಅಂಚಿಗೆ ಬರುವ ಹೊತ್ತಿಗೆ 200ಕ್ಕೆ ಇಳಿದಿರುತ್ತದೆ. ಎಷ್ಟೇ ಚೆನ್ನಾಗಿ ಅಚ್ಚಾದ ಡಿಸ್ಕೂ ತಿರುಗುವಾಗ ಒಂದಿಷ್ಟು ಓಲಾಡುತ್ತದೆ. ಲೇಸರಿನ ಪುಟ್ಟ ಮಸೂರ ಆ ಓಲಾಟದ ಜೊತೆಗೇ ಮೇಲೆ ಕೆಳಗೆ ಆಡುತ್ತ, ಜಾಡು ತಪ್ಪದೆ ಹಿಂಬಾಲಿಸಬೇಕು.

ಗೀರು, ದೂಳುಗಳಿಂದ ಅಕ್ಷರ ತಪ್ಪಿದರೆ ತಿದ್ದಿಕೊಳ್ಳುವ ಏರ್ಪಾಡು ಸಿ.ಡಿ.ಯ ಲೆಕ್ಕಾಚಾರದೊಳಗೇ ಇದೆ. ಜಾಡಿನ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಅಳಿಸಿಹೋದರೂ ಪೂರ್ತಿ ಸರಿಪಡಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ಹಿಂದುಮುಂದಿನ ಅಂಕಿ ನೋಡಿ ಅಂದಾಜಿನಲ್ಲಿ ತುಂಬುತ್ತದೆ. ಅದೂ ಆಗದಿದ್ದರೆ ಸದ್ದು ಕಡಿಯುತ್ತದೆ. ಒಳ್ಳೆಯ ಟ್ರಾನ್ಸ್‌ಪೋರ್ಟ್ ಇರುವ ಯಂತ್ರಕ್ಕೆ ಅಂದಾಜಿನ ಹಂತಕ್ಕೆ ಇಳಿಯುವ ಪ್ರಸಂಗ ತೀರ ಅಪರೂಪ.

ಆದ್ದರಿಂದ ಅಂಗಡಿಗೆ ಹೋಗುವಾಗ ನಿಮ್ಮವೇ ಮೂರು ಡಿಸ್ಕ್ ಜೊತೆಗಿರಲಿ. ಮೊದಲನೆಯದು 70 ನಿಮಿಷ ದಾಟಿದ್ದು. ಅದರ ಕೊನೆಯ ಟ್ರ್ಯಾಕ್ ಹಾಕಿಸಿ. ಅದು ಇರುವುದು ಹೊರಅಂಚಿನಲ್ಲಿ, ಓಲಾಟ ಹೆಚ್ಚಿರುವ ಜಾಗದಲ್ಲಿ. ದುರ್ಬಲ ಲೇಸರ್ ಮೊದಲು ತಡವರಿಸುವುದು ಅಲ್ಲಿಯೇ. ಎರಡನೆಯದು ನಾಲ್ಕಾರು ಗೀರು ಬಿದ್ದ, ಆದರೂ ನೀವು ಬಿಸಾಡಲು ಒಪ್ಪದ ಡಿಸ್ಕ್. ಮೂರನೆಯದು ಕಛೇರಿಯ ಧ್ವನಿಮುದ್ರಣ. ಮಲ್ಲಿಕಾರ್ಜುನ ಮನ್ಸೂರರದೋ ಗಂಗೂಬಾಯಿ ಹಾನಗಲ್ಲರದೋ ಇದ್ದರೆ ಬಹಳ ಒಳ್ಳೆಯದು.

ಕಛೇರಿಯ ಡಿಸ್ಕನ್ನು ಹಾಕಿ ಹಾಡುಗಾರಿಕೆಗಿಂತ ಮೊದಲು ತಂಬೂರಿಯನ್ನು ಕೇಳಿ. ಷಡ್ಜದ ತಂತಿ ಮೀಟಿದ ಮೇಲೆ ಅದರ ನಾದ ಕವಲೊಡೆದು, ಮೇಲಿನ ಸ್ವರಗಳು ಒಂದೊಂದಾಗಿ ಅರಳಿ, ಮುಂದಿನ ತಂತಿಯ ನಾದದಲ್ಲಿ ಬೆರೆಯುವುದು ಕೇಳಬೇಕು. ಗಾಯಕರು ಉಸಿರು ತೆಗೆದುಕೊಳ್ಳುವ ಆ ನಿಲುಗಡೆಯಲ್ಲಿ ತಂಬೂರಿಯ ಜೊತೆ ಯಂತ್ರದ ಗರಗರ ಸದ್ದೂ ಕೇಳಿಸಿದರೆ ಆ ಪ್ಲೇಯರ್ ಬೇಡ. ನೀವು ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕೂತು ಇದನ್ನು ಪರೀಕ್ಷಿಸಿ. ಆಲಾಪದಿಂದ ಬಂದಿಶ್‌ಗೆ ಟ್ರ್ಯಾಕ್ ಬದಲಾಗುವ ಕಡೆ ಸದ್ದು ಒಂದು ಕ್ಷಣವೂ ಕಡಿಯಬಾರದು. ಮನೆಯಲ್ಲಿರುವ ಡಿ.ವಿ.ಡಿ. ಪ್ಲೇಯರೇ ಸಾಕಲ್ಲ ಎನ್ನುವವರೂ ಇದೇ ಪರೀಕ್ಷೆ ಮಾಡಿ ನೋಡಲಿ, ಹಲವು ಡಿ.ವಿ.ಡಿ. ಯಂತ್ರಗಳು ಈ ಜಾಗದಲ್ಲಿ ಮುಗ್ಗರಿಸುತ್ತವೆ.

ಹೊಸದನ್ನೇ ಕೊಳ್ಳುವವರಿಗೆ ಮರಾಂಟ್ಜ್ ಸಿಡಿ6007, ಯಮಾಹಾ ಸಿಡಿ-ಎಸ್303ರಂಥವು ನೋಡತಕ್ಕ ಯಂತ್ರಗಳು. ಕೇಂಬ್ರಿಜ್ ಆಡಿಯೊದ ಸಿಎಕ್ಸ್‌ಸಿ ಬರೀ ಟ್ರಾನ್ಸ್‌ಪೋರ್ಟ್. ಅದರಲ್ಲಿ ಡ್ಯಾಕ್ ಇಲ್ಲ, ಬೇರೆ ಡ್ಯಾಕ್ ಇರುವವರು ಮಾತ್ರ ಅದರ ಕಡೆ ಹೋಗಬೇಕು. ಯಾವುದೇ ಆಗಲಿ, ಹಿಂದುಗಡೆ ಕೋಆಕ್ಸಿಯಲ್ ಡಿಜಿಟಲ್ ಔಟ್‌ಪುಟ್ ಇರಲಿ, ಮುಂದೆ ಡ್ಯಾಕ್ ಸೇರಿಸುವ ದಾರಿ ತೆರೆದಿರುತ್ತದೆ. ಆಂಪ್ಲಿಫೈಯರಿನ ಸಿ.ಡಿ. ಅಥವಾ ಆಕ್ಸ್ ಇನ್‌ಪುಟ್‌ಗೆ ತಂತಿ ಜೋಡಿಸಿ, ಫೋನೋ ಎಂದು ಬರೆದಿರುವ ಕಡೆ ಖಂಡಿತ ಬೇಡ. ಫೋನೋ ಇನ್‌ಪುಟ್ ಇರುವುದು ಗ್ರಾಮಫೋನ್ ಮುಳ್ಳಿನಿಂದ ಬರುವ ಕೆಲವೇ ಮಿಲಿವೋಲ್ಟ್‌ಗೆ, ಸಿ.ಡಿ. ಪ್ಲೇಯರ್ ಕೊಡುವುದು ಸುಮಾರು 2 ವೋಲ್ಟ್.

ಹಳೆಯ ಯಂತ್ರ ಕೊಳ್ಳುವುದರಲ್ಲೂ ತಪ್ಪೇನಿಲ್ಲ. ಟ್ರೇ ಅರ್ಧಕ್ಕೆ ಬಂದು ವಾಪಸು ಹೋದರೆ ಹೆಚ್ಚಾಗಿ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ, ಅಷ್ಟಕ್ಕೇ ಹೆದರಬೇಕಿಲ್ಲ. ಡಿಸ್ಕ್ ಹಾಕಿದ ಮೇಲೆ ಟ್ರ್ಯಾಕುಗಳ ಸಂಖ್ಯೆ ತೋರಿಸಲು ತುಂಬ ಹೊತ್ತು ಒದ್ದಾಡಿದರೆ ಲೇಸರ್ ಸೋತಿರಬಹುದು ಎಂದು ತಿಳಿಯಿರಿ. ಪರದೇಶದಲ್ಲಿರುವ ಮಗನೋ ಮಗಳೋ ತಂದುಕೊಟ್ಟ ಯಂತ್ರವಾದರೆ ಹಿಂಭಾಗದಲ್ಲಿ ವೋಲ್ಟೇಜ್ ಓದದೆ ಪ್ಲಗ್ ಹಾಕಬೇಡಿ. ಅಮೆರಿಕದ್ದು 120, ಜಪಾನಿನದು 100, ನಮ್ಮದು 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಾಕಿದರೆ ಸುಟ್ಟೇ ಹೋಗುತ್ತದೆ.

ಇನ್ನು ಬಜೆಟ್. ಧ್ವನಿಯಲ್ಲಿ ದೊಡ್ಡ ವ್ಯತ್ಯಾಸ ತರುವುದು ಸ್ಪೀಕರುಗಳು ಮತ್ತು ನೀವು ಅವನ್ನು ಇಡುವ ಕೋಣೆ. ಪ್ಲೇಯರಿನ ಮೇಲೆ ಅತಿಯಾಗಿ ಸುರಿದು ಸ್ಪೀಕರಿನಲ್ಲಿ ಕೈ ಹಿಡಿಯುವುದು ತಲೆಕೆಳಗಾದ ಲೆಕ್ಕ.

ಹಣ ಎಣಿಸುವ ಮೊದಲು ಅಂಗಡಿಯವರಿಗೆ ಒಂದು ಪ್ರಶ್ನೆ ಕೇಳಿ: ಇದರ ಲೇಸರ್ ಪಿಕಪ್ ಹಾಳಾದರೆ ಬದಲಿ ಸಿಗುತ್ತದೆಯೇ, ಹಾಕಿಕೊಡುವವರು ಯಾರು? ಸೋನಿಯ ಕೆಎಸ್ಎಸ್-213ರಂಥ ಪಿಕಪ್‌ಗಳನ್ನು ಅನೇಕ ಕಂಪನಿಗಳು ಬಳಸಿದ್ದರಿಂದಲೇ ಎಷ್ಟೋ ಹಳೆಯ ಪ್ಲೇಯರುಗಳು ಇನ್ನೂ ಹಾಡುತ್ತಿವೆ. ಜೋಪಾನವಾಗಿಟ್ಟ ಡಿಸ್ಕ್ ಲೇಸರಿಗಿಂತ ಹೆಚ್ಚು ಕಾಲ ಬಾಳುತ್ತದೆ. ನಮ್ಮ ಕಪಾಟಿನ ಕಛೇರಿಗಳಲ್ಲಿ ಎಷ್ಟೋ ಸ್ಟ್ರೀಮಿಂಗಿನಲ್ಲಿ ಸಿಗುವುದೇ ಇಲ್ಲ. ಅವನ್ನು ಇನ್ನೂ ಹಲವು ವರ್ಷ ಕೇಳುವ ಆಸೆ ಇರುವವರು ಆ ಪ್ರಶ್ನೆಗೆ ನೇರ ಉತ್ತರ ಸಿಗುವ ಯಂತ್ರವನ್ನೇ ಆರಿಸಬೇಕು, ಅದರ ಡಬ್ಬದ ಮೇಲಿನ ಅಂಕಿ ಪಕ್ಕದ ಯಂತ್ರಕ್ಕಿಂತ ಚಿಕ್ಕದಿದ್ದರೂ ಸರಿ.